ಬಿಸಿಲಿಗೆ ಮನೆ ಮೇಲೆ ಏನು ಹಾಕಿಸೋದು: ಫಾಯಿಲ್ಲೋ, ಬಿಳಿ ಪೇಂಟೋ, ಟೈಲ್ಸೋ?

ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಶೀಟಿನ ಮನೆಯೋ ಹಂಚಿನ ಮನೆಯೋ ಆಗಿದ್ದರೆ, ಸೂರಿನಡಿ ಹಾಕುವ ಹೊಳೆಯುವ ಅಲ್ಯೂಮಿನಿಯಂ ಫಾಯಿಲ್ ಹಾಳೆಗೆ ಹಾಕಿದ ದುಡ್ಡು ದಂಡವಾಗುವುದಿಲ್ಲ. ಆರ್‌ಸಿಸಿ ಮನೆಯಾಗಿದ್ದರೆ ಮೊದಲು ತಾರಸಿಗೆ ಬಿಳಿ ಬಳಿಸಿ, ಫಾಯಿಲ್ ಮಾತು ಆಮೇಲೆ. ಹಳೇ ಮಣ್ಣಿನ ಮಾಳಿಗೆ ಮನೆಯಾಗಿದ್ದರೆ ಎರಡೂ ಬೇಡ. ಇಷ್ಟು ತಿಳಿದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಹೀಗೆ ಅಂತ ಗೊತ್ತಿರಬೇಕು ಅನ್ನುವವರು ಮುಂದೆ ಓದಿ. ಅಂಗಡಿಯಲ್ಲಿ ಹೋಗಿ ಕೇಳಿದರೆ ಅವರ ಹತ್ತಿರ ಯಾವ ಮಾಲಿದೆಯೋ ಅದೇ ನಿಮ್ಮ ಮನೆಗೆ ಬೆಸ್ಟ್ ಅಂತಾರೆ.

ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆ ಎರಡೂ ಬಯಲುಸೀಮೆ. ಮಾರ್ಚ್‌ನಿಂದ ಮೇ ನಡುವಿನವರೆಗೆ ಬಿಸಿಲು ಬಾರಿಸುತ್ತದೆ. ಮೇಲಿನ ಮಹಡಿಯಲ್ಲಿ ಇರುವವರಿಗೆ ಹಗಲಿಗಿಂತ ರಾತ್ರಿಯೇ ಕಷ್ಟ. ಹೊರಗೆ ತಣ್ಣಗೆ ಗಾಳಿ ಬೀಸುತ್ತಿರುತ್ತದೆ, ಒಳಗೆ ಫ್ಯಾನ್ ಬಿಸಿಗಾಳಿ ಕಾರುತ್ತಿರುತ್ತದೆ. ಕೆಳಗಿನ ಮನೆಯವರಿಗೆ ಈ ಗೋಳಿಲ್ಲ. ಅಂದರೆ ಕಳ್ಳ ಇರುವುದು ಗೋಡೆಯಲ್ಲಲ್ಲ, ತಲೆ ಮೇಲೆ. ಖಾತ್ರಿ ಬೇಕಿದ್ದರೆ ಏಪ್ರಿಲ್‌ನಲ್ಲಿ ಒಂದು ರಾತ್ರಿ ಹತ್ತು ಗಂಟೆಗೆ ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ಇಡಿ. ಫ್ಯಾನ್ ಆಫ್ ಮಾಡಿಯೇ ಹತ್ತಿ. ಗೋಡೆ ಉಗುರುಬೆಚ್ಚಗಿದ್ದರೆ ಸೀಲಿಂಗ್ ಇನ್ನೂ ಸುಡುತ್ತಿರುತ್ತದೆ. ಐದಾರು ಇಂಚಿನ ಕಾಂಕ್ರೀಟು ಮಧ್ಯಾಹ್ನ ಕುಡಿದ ಬಿಸಿಲನ್ನು ಒಳಗೆ ದಾಟಿಸುವುದಕ್ಕೆ ನಾಲ್ಕೈದು ಗಂಟೆ ತೆಗೆದುಕೊಳ್ಳುತ್ತದೆ. ನೀವು ಊಟ ಮಾಡಿ ಮಲಗುವ ಹೊತ್ತಿಗೆ ಸರಿಯಾಗಿ ಅದು ನಿಮ್ಮ ಮೇಲೆ ಇಳಿಯುತ್ತದೆ.

ಅಮೆರಿಕದ ಅಟ್ಟ, ನಮ್ಮ ತಾರಸಿ

ಫಾಯಿಲ್ ಹಾಕಿದರೆ ಕರೆಂಟ್ ಬಿಲ್ ಇಳಿಯುತ್ತದೆ ಅನ್ನುವ ವಿಡಿಯೊಗಳಲ್ಲಿ ಜಾಸ್ತಿ ಬರುವುದು ಅಮೆರಿಕದವು. ಅಲ್ಲಿಯ ಮನೆಗೆ ಇಳಿಜಾರು ಸೂರು ಇರುತ್ತದೆ. ಸೂರಿಗೂ ರೂಮಿನ ಸೀಲಿಂಗಿಗೂ ನಡುವೆ ಆಳೆತ್ತರದ ಖಾಲಿ ಅಟ್ಟ. ಆ ಅಟ್ಟದಲ್ಲಿ, ಸೂರಿನ ಮರದ ತೊಲೆಗಳಿಗೆ ಫಾಯಿಲ್ ಹೊಡೆಯುತ್ತಾರೆ. ಬೆಚ್ಚಗಿನ, ಬಿಸಿಲು ಜಾಸ್ತಿ ಇರುವ ರಾಜ್ಯಗಳಲ್ಲಿ ಇದರಿಂದ ಎಸಿಯ ಖರ್ಚು ನೂರಕ್ಕೆ 5ರಿಂದ 10ರಷ್ಟು ತಗ್ಗಬಹುದು ಅಂತ ಅಲ್ಲಿಯ ಇಂಧನ ಇಲಾಖೆಯೇ ಹೇಳುತ್ತದೆ. ಗಮನಿಸಿ, 5ರಿಂದ 10. ಅಂಗಡಿ ಬೋರ್ಡಿನಲ್ಲಿ ‘ನೂರಕ್ಕೆ 97 ಶಾಖ ತಡೆ’ ಅಂತ ಕಾಣುವ 97 ಅಲ್ಲ. ಆ 97 ಹಾಳೆಯ ಹೊಳಪಿನ ಲೆಕ್ಕ, ನಿಮ್ಮ ಬಿಲ್ಲಿನದಲ್ಲ. ಇನ್ನೊಂದು ಮಾತು. ಅಲ್ಲಿ ಆ ಅಟ್ಟದ ನೆಲದ ಮೇಲೆ ಮೊದಲೇ ಅರ್ಧ ಅಡಿಗೂ ಹೆಚ್ಚು ಗಾಜಿನ ಉಣ್ಣೆ ಹಾಸಿರುತ್ತಾರೆ. ಅದರ ಮೇಲೆ ಸಿಗುವ ಲಾಭ ಇದು. ಏನೂ ಹಾಸದ ನಮ್ಮ ಶೀಟಿನ ಮನೆಯಲ್ಲಿ ಫರಕ್ ಇದಕ್ಕಿಂತ ಚೆನ್ನಾಗಿಯೇ ತಿಳಿಯುತ್ತದೆ.

ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಖರ್ಚು ಉಳಿಯುತ್ತದೆ ಅನ್ನುವುದೂ ಆ ದೇಶಗಳ ಮಾತೇ. ನಮ್ಮಲ್ಲಿ ಡಿಸೆಂಬರ್ ಚಳಿಗೆ ಒಂದು ಕಂಬಳಿ ಸಾಕು, ರೂಮ್ ಹೀಟರ್ ಯಾರು ಇಟ್ಟಿದ್ದಾರೆ? ಅದನ್ನು ಲೆಕ್ಕದಿಂದ ತೆಗೆದುಬಿಡಿ.

ಫಾಯಿಲ್ ಕೆಲಸ ಮಾಡುವುದು ಹೇಗೆ ಅನ್ನುವುದು ಮಾತ್ರ ಗೊತ್ತಿರಬೇಕು, ಯಾಕೆಂದರೆ ಮೋಸ ಆಗುವುದು ಅಲ್ಲೇ. ಹೊಳೆಯುವ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ಶಾಖದ ಕಿರಣದಲ್ಲಿ ನೂರಕ್ಕೆ 95ರಷ್ಟನ್ನು ವಾಪಸ್ ಕಳಿಸುತ್ತದೆ. ತಾನೇ ಬಿಸಿಯಾದರೂ ಕಿರಣವಾಗಿ ಹೊರಗೆ ಬಿಡುವುದು ತೀರಾ ಕಡಿಮೆ. ಸಿಮೆಂಟು, ಹಂಚು, ಪೇಂಟ್ ಬಳಿದ ಗೋಡೆ ಇವೆಲ್ಲ ನೂರಕ್ಕೆ 90ರಷ್ಟು ಬಿಡುತ್ತವೆ. ಆದರೆ ಈ ಆಟ ನಡೆಯುವುದು ಹಾಳೆಯ ಹೊಳೆಯುವ ಮಗ್ಗುಲ ಮುಂದೆ ಗಾಳಿ ಇದ್ದರೆ ಮಾತ್ರ. ಕನಿಷ್ಠ ಒಂದು ಇಂಚು ಖಾಲಿ ಜಾಗ ಬೇಕು. ಎರಡೂ ಕಡೆ ಏನಾದರೂ ಅಂಟಿಕೊಂಡಿದ್ದರೆ ಅದು ಬರೀ ಲೋಹದ ಹಾಳೆ. ಪಾತ್ರೆ ಮಾಡುವ ಅಲ್ಯೂಮಿನಿಯಂ ಅದು, ಶಾಖವನ್ನು ಸರಾಗವಾಗಿ ದಾಟಿಸಿಬಿಡುತ್ತದೆ.

ಈಗ ನಿಮ್ಮ ಮನೆ ಯಾವುದು ನೋಡಿ.

ಶೀಟಿನ ಮನೆ

ಜಿಂಕ್ ಶೀಟ್, ಕಲರ್ ಶೀಟ್, ಸಿಮೆಂಟ್ ಶೀಟ್ ಎಲ್ಲವೂ ಇದರಲ್ಲಿ ಬಂತು. ಮಧ್ಯಾಹ್ನ ತಗಡು 60 ಡಿಗ್ರಿ ದಾಟುತ್ತದೆ. ದಪ್ಪ ಇಲ್ಲದ್ದರಿಂದ ಆ ಬಿಸಿ ಆಗಲೇ, ಅಲ್ಲೇ ಕೆಳಗಿಳಿಯುತ್ತದೆ. ಸಂಜೆ ಬಿಸಿಲು ಇಳಿದ ಅರ್ಧ ಗಂಟೆಗೆ ತಣ್ಣಗೂ ಆಗುತ್ತದೆ. ಇಲ್ಲಿ ಕಾಟ ಪೂರಾ ಹಗಲಿನದು, ಅದರಲ್ಲೂ ಬಹುಪಾಲು ಕಿರಣದ ಶಾಖ. ಫಾಯಿಲ್ ಹುಟ್ಟಿರುವುದೇ ಇಂಥ ಜಾಗಕ್ಕೆ.

ಹೊಸದಾಗಿ ಶೀಟ್ ಹೊದಿಸುತ್ತಿದ್ದೀರಾ? ಹಾಗಾದರೆ ಪರ್ಲಿನ್ (ಶೀಟ್ ಹೊರುವ ಅಡ್ಡಪಟ್ಟಿ) ಮೇಲೆ ಮೊದಲು ಫಾಯಿಲ್ ಹಾಸಿ, ಅದರ ಮೇಲೆ ಶೀಟ್ ಕೂರಿಸುವುದು ಸುಲಭ. ವೆಲ್ಡಿಂಗ್‌ನವರು ಹಾಳೆಯನ್ನು ಬಿಗಿಯಾಗಿ ಎಳೆದು ಶೀಟಿಗೆ ಅಂಟಿಸಿಬಿಡುತ್ತಾರೆ, ನೋಡಲು ಚಂದ ಅಂತ. ಪರ್ಲಿನ್‌ಗಳ ನಡುವೆ ಸ್ವಲ್ಪ ಜೋಲು ಬಿಡಲು ಹೇಳಿ. ಆ ಜೋಲೇ ನಿಮಗೆ ಬೇಕಾದ ಗಾಳಿಯ ಜಾಗ. ಆಗಲೇ ಇರುವ ಮನೆಯಾದರೆ ಪರ್ಲಿನ್‌ನ ಕೆಳಮಗ್ಗುಲಿಗೆ ಬೈಂಡಿಂಗ್ ತಂತಿ ಎಳೆದು, ಅದರ ಮೇಲೆ ಹಾಳೆ ಕೂರಿಸುವುದು ಒಳ್ಳೆಯದು. ಶೀಟಿಗೂ ಹಾಳೆಗೂ ನಡುವೆ ಪರ್ಲಿನ್ ದಪ್ಪದಷ್ಟು ಜಾಗ ತಾನಾಗೇ ಸಿಗುತ್ತದೆ. ಮೇಲೆ ತುದಿಯಲ್ಲಿ, ಕೆಳಗೆ ಸೂರಿನಂಚಿನಲ್ಲಿ ಎರಡು ಮೂರು ಇಂಚು ತೆರೆದು ಬಿಟ್ಟರೆ ಬಿಸಿಗಾಳಿ ಮೇಲಿನಿಂದ ಹೊರಗೆ ಹೋಗುತ್ತದೆ. ಎಲ್ಲ ಕಡೆ ಟೇಪ್ ಹೊಡೆದು ಮುಚ್ಚಿದರೆ ಆ ಗಾಳಿ ಅಲ್ಲೇ ಕುದಿಯುತ್ತಾ ಕೂರುತ್ತದೆ.

ಒಂದೇ ಕಡೆ ಹೊಳಪಿರುವ ಹಾಳೆಯಾದರೆ ಹೊಳಪು ಯಾವ ಕಡೆ? ಬಹಳ ಜನ ಮೇಲಕ್ಕೆ ಅಂತಾರೆ. ಸೂರ್ಯ ಇರುವುದು ಮೇಲೆ ಅಲ್ವಾ, ಅನ್ನುವ ಲೆಕ್ಕ. ಹೊಸದರಲ್ಲಿ ಎರಡೂ ಒಂದೇ. ಆದರೆ ನಮ್ಮ ಊರಿನ ಧೂಳು ಗೊತ್ತಲ್ಲ. ಮೇಲಕ್ಕೆ ಹೊಳಪಿಟ್ಟರೆ ಒಂದೆರಡು ವರ್ಷಕ್ಕೆ ಅದರ ಮೇಲೆ ಕೆಂಧೂಳಿನ ಪದರ ಕೂತು ಹೊಳಪು ಹೋಗುತ್ತದೆ. ಕೆಳಕ್ಕೆ ಇಟ್ಟರೆ ಧೂಳು ಕೂರುವುದಿಲ್ಲ, ಹೊಳಪೂ ಉಳಿಯುತ್ತದೆ. ಎರಡೂ ಕಡೆ ಹೊಳಪಿರುವುದು ಸಿಕ್ಕರೆ ಇನ್ನೂ ಒಳ್ಳೆಯದು. ನಡುವೆ ಗುಳ್ಳೆ ಇರುವ ಬಬಲ್ ಶೀಟ್ ಹರಿಯುವುದಿಲ್ಲ, ಕೈಗೆ ಗಟ್ಟಿ ಅನ್ನಿಸುತ್ತದೆ. ಆದರೆ ನಾಲ್ಕೋ ಎಂಟೋ ಮಿಲಿಮೀಟರ್ ಗುಳ್ಳೆಯಿಂದ ತಾನಾಗಿ ತಡೆಯುವ ಶಾಖ ಅಷ್ಟಕ್ಕಷ್ಟೇ. ದಪ್ಪ ಜಾಸ್ತಿ ಅಂತ ರೇಟೂ ಜಾಸ್ತಿ ಹೇಳಿದರೆ ಬಗ್ಗಬೇಡಿ.

ಚಳಿಗಾಲದ ಬೆಳಗ್ಗೆ ತಗಡಿನಡಿ ಇಬ್ಬನಿ ಹನಿ ಕಟ್ಟಿ ಹಾಸಿಗೆ ಮೇಲೆ ತೊಟ್ಟಿಕ್ಕುವುದು ಶೀಟಿನ ಮನೆಯವರಿಗೆಲ್ಲ ಗೊತ್ತು. ಫಾಯಿಲ್ ಇದ್ದರೆ ಆ ಕಾಟವೂ ಬಹುಮಟ್ಟಿಗೆ ತಪ್ಪುತ್ತದೆ. ಮಳೆಯ ಸದ್ದನ್ನು ಮಾತ್ರ ಅದು ತಡೆಯುವುದಿಲ್ಲ. ಅದಕ್ಕೆ ಪಫ್ ಶೀಟೇ ಆಗಬೇಕು.

ಪಫ್ ಶೀಟ್ ಅಂದರೆ ಎರಡು ತಗಡಿನ ನಡುವೆ ಗಟ್ಟಿ ಫೋಮ್ ತುಂಬಿದ್ದು. ಹೊಸದಾಗಿ ಹೊದಿಸುವವರಿಗೆ, ಮೇಲೊಂದು ರೂಮು ಎತ್ತಿ ಅದರಲ್ಲಿ ಎಸಿ ಹಾಕುವವರಿಗೆ ಇದು ಫಾಯಿಲ್‌ಗಿಂತ ಎಷ್ಟೋ ಮೇಲು. ಫಾಯಿಲ್ ಕಿರಣವನ್ನು ಮಾತ್ರ ತಡೆಯುತ್ತದೆ, ಫೋಮ್ ಎಲ್ಲವನ್ನೂ ತಡೆಯುತ್ತದೆ. ರೇಟು ಸಾದಾ ಶೀಟಿನ ಎರಡು ಪಟ್ಟಿಗೂ ಮೇಲೆ ಹೋಗುತ್ತದೆ. ಆಗಲೇ ಒಳ್ಳೆ ಶೀಟ್ ಇರುವವರು ಅದನ್ನು ಕಿತ್ತು ಇದನ್ನು ಹಾಕಿಸುವುದರಲ್ಲಿ ಅರ್ಥವಿಲ್ಲ.

ಇನ್ನೂ ಅಗ್ಗದ ದಾರಿ ಇದೆ. ಶೀಟಿನ ಮೇಲೆ ಬಿಳಿ ಪೇಂಟ್. ಬೆಳ್ಳಗೆ ಹೊಳೆಯುವ ಹೊಸ ಜಿಂಕ್ ಶೀಟ್ ಬಿಸಿಲನ್ನು ವಾಪಸ್ ಕಳಿಸುತ್ತದೆ, ಹಾಗಾಗಿ ತಣ್ಣಗಿರುತ್ತದೆ ಅಂತ ಅನ್ನಿಸುತ್ತದೆ. ಹಾಗಿಲ್ಲ. ಹೀರಿದ ಅಷ್ಟಿಷ್ಟು ಬಿಸಿಯನ್ನು ಬಿಟ್ಟುಕೊಡಲು ಹೊಳೆಯುವ ಲೋಹಕ್ಕೆ ಬರುವುದಿಲ್ಲ, ಅದಕ್ಕೇ ಕೈಯಿಟ್ಟರೆ ಸುಡುತ್ತದೆ. ಬಿಳಿ ಪೇಂಟ್ ಬಿಸಿಲನ್ನು ವಾಪಸ್ ಕಳಿಸುತ್ತದೆ, ಹೀರಿದ್ದನ್ನೂ ಆಕಾಶಕ್ಕೆ ಬಿಟ್ಟುಬಿಡುತ್ತದೆ. ಮೇಲೆ ಬಿಳಿ, ಕೆಳಗೆ ಫಾಯಿಲ್ ಆದರೆ ಶೀಟಿನ ಮನೆಗೆ ಅದಕ್ಕಿಂತ ಬೇರೆ ಬೇಡ.

ಎರಡು ಎಚ್ಚರಿಕೆ, ಇವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಳೇ ಸಿಮೆಂಟ್ ಶೀಟಿನಲ್ಲಿ ಆಸ್‌ಬೆಸ್ಟಾಸ್ ನಾರು ಇರುತ್ತದೆ. ಅದನ್ನು ಡ್ರಿಲ್ ಮಾಡಿದರೆ, ತಂತಿ ಬ್ರಷ್‌ನಿಂದ ಒಣಗಿದ್ದಾಗ ಉಜ್ಜಿದರೆ ಏಳುವ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ, ಕ್ಯಾನ್ಸರ್ ತರುವಂಥದ್ದು. ತೊಳೆಯುವುದಿದ್ದರೆ ನೀರು ಹಾಕಿ ಮೆತ್ತಗೆ ತೊಳೆದು ಪೇಂಟ್ ಹೊಡೆಸಿ, ತೂತು ಮಾಡಬೇಡಿ. ಆ ಶೀಟಿನ ಮೇಲೆ ನೇರ ಕಾಲಿಡುವುದೂ ಬೇಡ, ಶೀಟ್ ಮುರಿದು ಕೆಳಗೆ ಬೀಳುತ್ತೀರಿ. ಇನ್ನೊಂದು, ಫಾಯಿಲ್ಲಿನಲ್ಲಿ ಕರೆಂಟ್ ಹರಿಯುತ್ತದೆ. ಆಸ್ಟ್ರೇಲಿಯಾದಲ್ಲಿ 2009ರಲ್ಲಿ ಸರ್ಕಾರವೇ ಮನೆಗಳ ಅಟ್ಟಕ್ಕೆ ಇಂಥ ಹೊದಿಕೆ ಹಾಕಿಸುವ ದೊಡ್ಡ ಯೋಜನೆ ತಂದಿತ್ತು. ಕೆಲಸಕ್ಕೆ ಹೋದ ನಾಲ್ವರು ಯುವಕರು ಸತ್ತರು. ಅವರಲ್ಲಿ ಫಾಯಿಲ್ ಹೊಡೆಯುವಾಗ ಪಿನ್ನು ವೈರಿಗೆ ಚುಚ್ಚಿ ಶಾಕ್ ಹೊಡೆದು ಸತ್ತವರಿದ್ದರು. 2010ರ ಫೆಬ್ರವರಿಯಲ್ಲಿ ಯೋಜನೆಯನ್ನೇ ನಿಲ್ಲಿಸಿದರು. ನಮ್ಮ ಶೀಟಿನ ಮನೆಗಳಲ್ಲಿ ವೈರು ಪರ್ಲಿನ್‌ಗೆ ಸುತ್ತಿಕೊಂಡು, ಜಾಯಿಂಟ್‌ಗೆ ಟೇಪು ಹಾಕಿಕೊಂಡು ಹೋಗಿರುತ್ತದೆ. ಫಾಯಿಲ್ ಹಾಕಿಸುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ವೈರನ್ನೆಲ್ಲ ಪೈಪಿನೊಳಗೆ ಹಾಕಿಸಿ. ಕೆಲಸ ನಡೆಯುವಾಗ ಮೇನ್ ಆಫ್ ಇರಲಿ. ಸೌದೆ ಒಲೆಯ ಮೇಲೆ, ಮಂಡಕ್ಕಿ ಭಟ್ಟಿಯ ಹತ್ತಿರ ಪ್ಲಾಸ್ಟಿಕ್ ಬಬಲ್ ಹಾಳೆ ಬೇಡವೇ ಬೇಡ.

ಹಂಚಿನ ಮನೆಗೂ ಇದೇ ಮಾತು. ರೀಪಿನ ಕೆಳಗೆ ಫಾಯಿಲ್ ಹಾಕಿಸಿದರೆ ಮಂಗಗಳು ಹಂಚು ಸರಿಸಿದಾಗ ಬೀಳುವ ಧೂಳು, ಹೊಗೆ ಮಸಿ ಕೂಡ ನಿಲ್ಲುತ್ತವೆ. ಅಟ್ಟ ಇರುವ ಮನೆಯಾದರೆ ಅಮೆರಿಕದ ವಿಡಿಯೊಗೆ ನೀವೇ ಹತ್ತಿರದವರು.

ಆರ್‌ಸಿಸಿ ಮನೆ

ಇಲ್ಲಿ ಆಯ್ಕೆ ಜಾಸ್ತಿ, ಗೊಂದಲವೂ ಜಾಸ್ತಿ. ಒಂದು ಸೂತ್ರ ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಬಿಸಿಲನ್ನು ಸ್ಲ್ಯಾಬಿನ ಮೇಲೇ ನಿಲ್ಲಿಸುವುದು ಯಾವತ್ತೂ ಒಳ್ಳೆಯದು. ಸ್ಲ್ಯಾಬ್ ಕಾದ ಮೇಲೆ ಕೆಳಗೆ ಏನೇ ಕಟ್ಟಿದರೂ ಅದು ತೇಪೆ. ಸ್ಲ್ಯಾಬ್ ದಿನವೂ ಕಾದು ಹಿಗ್ಗಿ, ರಾತ್ರಿ ಕುಗ್ಗಿ ಬಿರುಕು ಬಿಡುವುದಂತೂ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಅಗ್ಗ ಸುಣ್ಣ. ಚದರಡಿಗೆ ಕೆಲವೇ ರೂಪಾಯಿ. ಮಾಸಲು ಸಿಮೆಂಟ್ ತಾರಸಿ ಬಿಸಿಲಿನಲ್ಲಿ ಮೂರನೇ ಒಂದು ಪಾಲನ್ನೂ ವಾಪಸ್ ಕಳಿಸುವುದಿಲ್ಲ. ಹೊಸ ಸುಣ್ಣ ಮೂರನೇ ಎರಡು ಪಾಲಿಗಿಂತ ಜಾಸ್ತಿ ಕಳಿಸುತ್ತದೆ. ಸಂಕ್ರಾಂತಿ ಆದ ಮೇಲೆ ಒಳ್ಳೆ ಕಲ್ಲುಸುಣ್ಣ ತಂದು ರಾತ್ರಿ ನೆನೆಹಾಕಿ. ನೀರಿಗೆ ಸುಣ್ಣ ಸ್ವಲ್ಪ ಸ್ವಲ್ಪವೇ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು, ಕುದಿದು ಮುಖಕ್ಕೆ ಹಾರುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡ, ಹಳೇ ಕಬ್ಬಿಣದ ಡ್ರಮ್ ಇರಲಿ. ಮಕ್ಕಳನ್ನು ಹತ್ತಿರ ಬಿಡಬೇಡಿ, ಕಣ್ಣಿಗೆ ಬಿದ್ದರೆ ಅಪಾಯ. ಬೆಳಗ್ಗೆ ಸೋಸಿ, ಹಿಡಿತಕ್ಕೆ ಅಂಟು ಬೆರೆಸಿ, ತಾರಸಿಯನ್ನು ಗುಡಿಸಿ ತೊಳೆದು, ಒದ್ದೆ ಇರುವಾಗಲೇ ತೆಳ್ಳಗೆ ಎರಡು ಮೂರು ಕೋಟ್ ಬಳಿಸಿ. ಒಂದೇ ಸಲ ದಪ್ಪಗೆ ಬಳಿದರೆ ಒಣಗಿ ಸಿಪ್ಪೆಯಾಗಿ ಏಳುತ್ತದೆ. ಮಳೆಗಾಲಕ್ಕೆ ಸುಮಾರು ತೊಳೆದುಹೋಗುತ್ತದೆ, ಮುಂದಿನ ವರ್ಷ ಮತ್ತೆ ಬಳಿಯಬೇಕು. ಕಾಲಿಗೆ ಹತ್ತುತ್ತದೆ. ತಾರಸಿ ಮೇಲೆ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಹಾಕುವ ಮನೆಯಲ್ಲಿ ಇದಕ್ಕೆ ಅಮ್ಮಂದಿರು ಒಪ್ಪುವುದಿಲ್ಲ. ಆದರೂ ಕೈಯಲ್ಲಿ ದುಡ್ಡಿಲ್ಲದವರು, ಬಿಳಿ ಬಳಿದರೆ ನಿಜವಾಗಿ ತಂಪಾಗುತ್ತಾ ಅಂತ ಅನುಮಾನ ಇರುವವರು ಮೊದಲ ಬೇಸಿಗೆಗೆ ಸುಣ್ಣವನ್ನೇ ಬಳಿದು ನೋಡಲಿ. ಬೇಕಿದ್ದರೆ ಅರ್ಧ ತಾರಸಿಗೆ ಬಳಿದು, ಮಧ್ಯಾಹ್ನ ಮೂರಕ್ಕೆ ಬರಿಗಾಲಲ್ಲಿ ಎರಡೂ ಕಡೆ ನಿಂತು ನೋಡಿ. ಬೇರೆ ಪರೀಕ್ಷೆ ಬೇಕಾಗುವುದಿಲ್ಲ.

ಕೂಲ್ ರೂಫ್ ಪೇಂಟ್ ಇದರ ದೊಡ್ಡಣ್ಣ. ಆಳಿನ ಕೂಲಿ ಸೇರಿ ಚದರಡಿಗೆ ಹತ್ತಾರು ರೂಪಾಯಿ. ಚೆನ್ನಾಗಿ ಮಾಡಿಸಿದರೆ ಕೆಲವು ವರ್ಷ ಬಾಳುತ್ತದೆ, ಸಣ್ಣ ಬಿರುಕಿನ ಸೋರಿಕೆಯನ್ನೂ ತಡೆಯುತ್ತದೆ. ಡಬ್ಬದ ಮೇಲೆ ಎಸ್‌ಆರ್‌ಐ ಅನ್ನುವ ಅಂಕಿ ನೋಡಿ. ಬಿಸಿಲಲ್ಲಿ ಮೇಲ್ಮೈ ಎಷ್ಟು ತಣ್ಣಗಿರುತ್ತದೆ ಅನ್ನುವುದಕ್ಕೆ, ಕಪ್ಪು ಬಣ್ಣಕ್ಕೆ 0, ಒಳ್ಳೆ ಬಿಳಿಗೆ 100 ಅಂತ ಇಟ್ಟುಕೊಂಡ ಅಳತೆ ಅದು. 100ರ ಹತ್ತಿರ ಅಥವಾ ಅದಕ್ಕಿಂತ ಮೇಲಿದ್ದರೆ ತೆಗೆದುಕೊಳ್ಳಿ. ಆ ಅಂಕಿಯೇ ಇಲ್ಲದ ಡಬ್ಬ ಸಾದಾ ಬಿಳಿ ಪೇಂಟ್ ಅಂತಲೇ ತಿಳಿಯಿರಿ. ಇಟ್ಟಿಗೆ ಬಣ್ಣದ ವಾಟರ್‌ಪ್ರೂಫ್ ಕೋಟಿಂಗ್ ಸೋರುವುದನ್ನು ನಿಲ್ಲಿಸುತ್ತದೆಯೇ ಹೊರತು ಬಿಳಿಯಷ್ಟು ತಂಪು ಕೊಡುವುದಿಲ್ಲ. ಬಿಳಿಯ ಶತ್ರು ಧೂಳು. ದಾವಣಗೆರೆಯ ರಸ್ತೆ ಧೂಳು, ಭಟ್ಟಿಗಳ ಕಡೆಯ ಹೊಗೆ ಕೂತರೆ ಒಂದೇ ವರ್ಷಕ್ಕೆ ಬಣ್ಣ ಮಂಕಾಗುತ್ತದೆ. ಶಿವರಾತ್ರಿ ಹೊತ್ತಿಗೆ ಒಂದು ಸಲ ಸೋಪಿನ ನೀರು ಹಾಕಿ ಉಜ್ಜಿಸಿದರೆ ಹೋದದ್ದರಲ್ಲಿ ಬಹುಪಾಲು ವಾಪಸ್ ಬರುತ್ತದೆ. ಮಳೆಯಲ್ಲಿ ಕೆಲವು ಪೇಂಟ್ ಜಾರುತ್ತವೆ. ವಯಸ್ಸಾದವರು ಬಟ್ಟೆ ಒಣಹಾಕಲು ಹತ್ತುವ ತಾರಸಿಯಾದರೆ ಓಡಾಡುವ ದಾರಿಗೆ ತರಿ ಬೆರೆಸಿ ಬಳಿಸಿ.

ಇದೆಲ್ಲ ಯಾರದೋ ಹೊಸ ಹುಚ್ಚು ಅಂದುಕೊಳ್ಳಬೇಡಿ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಸೂರಿಗೇ ಒಂದು ನೀತಿ ತಂದಿದೆ. ಅಹಮದಾಬಾದಿನಲ್ಲಿ ಕೊಳೆಗೇರಿಯ ಸೂರುಗಳಿಗೆ ಸುಣ್ಣ ಬಳಿಸುವ ಕೆಲಸ ಅದಕ್ಕೂ ಮುಂಚೆಯೇ ನಡೆದಿದೆ.

ಬಿಳಿ ಟೈಲ್ಸ್, ಒಡೆದ ಚೈನಾ ಟೈಲ್ಸ್ ಚೂರುಗಳ ಮೊಸಾಯಿಕ್ ಇವು ದುಬಾರಿ, ಚದರಡಿಗೆ ನೂರರ ಆಸುಪಾಸು. ಆದರೆ ಬಾಳಿಕೆ ಹತ್ತಿಪ್ಪತ್ತು ವರ್ಷ. ತೊಳೆಯುವುದು ಸುಲಭ, ಸಂಡಿಗೆಗೂ ತೊಂದರೆ ಇಲ್ಲ. ಮನೆ ಕಟ್ಟುತ್ತಿರುವವರು, ಇಳಿಜಾರು ಸರಿ ಮಾಡಿಸಲು ಹೇಗೂ ತಾರಸಿಗೆ ಕಾಂಕ್ರೀಟು ಹಾಕಿಸುವವರು ಇದನ್ನೇ ಆರಿಸಿ. ಹಳೇ ತಾರಸಿಗೆ ಹಾಕಿಸುವ ಮುಂಚೆ ಮೇಸ್ತ್ರಿ ಮಾತಿಗಿಂತ ಇಂಜಿನಿಯರ್ ಮಾತು ಕೇಳಿ. ಗಾರೆ ಮತ್ತು ಟೈಲ್ಸಿನ ಭಾರ ಕಡಿಮೆ ಏನಲ್ಲ. ನಾಲ್ಕು ಇಂಚು ಇಟ್ಟಿಗೆಚೂರು, ಗಾರೆ ಹಾಕಿದರೆ ಚದರ ಮೀಟರಿಗೆ ಹತ್ತಿರ ಹತ್ತಿರ 200 ಕಿಲೊ ಬೀಳುತ್ತದೆ.

ಈಗ ನನ್ನ ಪ್ರಕಾರ ಹೊಸ ಮನೆಗೆ ಎಲ್ಲಕ್ಕಿಂತ ಮೇಲಾದದ್ದು. ಸ್ಲ್ಯಾಬಿನ ಮೇಲೆ ವಾಟರ್‌ಪ್ರೂಫ್, ಅದರ ಮೇಲೆ ಎಕ್ಸ್‌ಪಿಎಸ್ ಹಲಗೆ, ಅದರ ಮೇಲೆ ತೆಳು ಕಾಂಕ್ರೀಟು, ಕೊನೆಗೆ ಬಿಳಿ ಟೈಲ್ಸ್. ಎಕ್ಸ್‌ಪಿಎಸ್ ಅಂದರೆ ಥರ್ಮಾಕೋಲಿನ ಜಾತಿಯದೇ, ಆದರೆ ಒತ್ತಾಗಿದ್ದು ನೀರು ಹೀರದ ಗಟ್ಟಿ ಹಲಗೆ. 2018ರಲ್ಲಿ ಕೇಂದ್ರದ ಇಂಧನ ದಕ್ಷತೆ ಬ್ಯೂರೊ ಹೊರತಂದ ಇಕೊ ನಿವಾಸ್ ಸಂಹಿತೆಯಲ್ಲಿ ಮನೆಯ ಸೂರಿನಿಂದ ದಾಟುವ ಶಾಖಕ್ಕೆ ಒಂದು ಮಿತಿ ಇದೆ, ಯು ಮೌಲ್ಯ 1.2. ಈ ಅಂಕಿ ಕಡಿಮೆ ಇದ್ದಷ್ಟೂ ದಾಟುವ ಶಾಖ ಕಡಿಮೆ. ಬರೀ ಆರು ಇಂಚಿನ ಸ್ಲ್ಯಾಬಿನದು 3ಕ್ಕೂ ಮೇಲೆ. ಒಂದೇ ಒಂದು ಇಂಚು ಎಕ್ಸ್‌ಪಿಎಸ್ ಹಾಕಿದರೆ ಅದು 1ರ ಒಳಗೆ ಬರುತ್ತದೆ. ಎರಡು ಇಂಚು ಹಾಕಿದರೆ ಇನ್ನೂ ಅರ್ಧ. ಸಿಮೆಂಟು ಎಷ್ಟು ಇಂಚು ಏರಿಸಿದರೂ ಈ ಲಾಭ ಸಿಗುವುದಿಲ್ಲ. ಮನೆಗೆ ಮೂವತ್ತು ನಲವತ್ತು ಲಕ್ಷ ಸುರಿಯುವಾಗ ಈ ಒಂದು ಇಂಚನ್ನು ಬಿಟ್ಟು, ಆಮೇಲೆ ಪ್ರತಿ ರೂಮಿಗೂ ಎಸಿ ಕೂರಿಸುವುದು ಯಾವ ಲೆಕ್ಕ?

ಇನ್ನು ಆರ್‌ಸಿಸಿ ಮನೆಗೆ ಫಾಯಿಲ್. ಸ್ಲ್ಯಾಬಿನ ಮೇಲೆ ಫಾಯಿಲ್ ಹಾಸಿ ಅದರ ಮೇಲೆ ಗಾರೆ ಹಾಕಿ ಟೈಲ್ಸ್ ಹಾಕುತ್ತೇವೆ ಅನ್ನುವವರಿದ್ದಾರೆ. ಎರಡೂ ಕಡೆ ಮುಚ್ಚಿಹೋಯಿತು, ಗಾಳಿಯ ಜಾಗ ಇಲ್ಲ, ದುಡ್ಡು ನೀರಲ್ಲಿ ಹೋಮ. ಸುಮ್ನೆ ತಾರಸಿ ಮೇಲೆ ಹಾಸಿ ಕಲ್ಲು ಹೇರಿದರೆ ಚಿತ್ರದುರ್ಗದ ಗಾಳಿಗೆ ಆಷಾಢಕ್ಕೇ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ಅದು ಕೆಲಸಕ್ಕೆ ಬರುವುದು ಮುಖ್ಯವಾಗಿ ಸ್ಲ್ಯಾಬಿನ ಕೆಳಗೆ, ಜಿಪ್ಸಂ ಸೀಲಿಂಗ್ ಹಾಕಿಸುವಾಗ. ಸ್ಲ್ಯಾಬಿಗೂ ಸೀಲಿಂಗಿಗೂ ನಡುವೆ ಹೇಗೂ ಅರ್ಧ ಅಡಿ ಜಾಗ ಬಿಡುತ್ತಾರೆ. ಸೀಲಿಂಗ್ ಬೋರ್ಡಿನ ಮೇಲೆ ಹೊಳಪು ಸ್ಲ್ಯಾಬಿನ ಕಡೆ ನೋಡುವಂತೆ ಫಾಯಿಲ್ ಹಾಸಿದರೆ, ಅಥವಾ ಸ್ಲ್ಯಾಬಿಗೆ ಅಂಟಿಸಿ ಹೊಳಪು ಕೆಳಗೆ ಬರುವಂತೆ ಮಾಡಿದರೆ ರಾತ್ರಿ ಇಳಿಯುವ ಬಿಸಿ ಚೆನ್ನಾಗಿ ತಗ್ಗುತ್ತದೆ. ಎರಡನೆಯದೇ ವಾಸಿ, ಧೂಳು ಕೂರುವುದಿಲ್ಲ. ಸೀಲಿಂಗ್ ಇಲ್ಲದೆ ಬರೀ ಸ್ಲ್ಯಾಬಿನಡಿ ಅಂಟಿಸಿದರೂ ಕೆಲಸ ಮಾಡುತ್ತದೆ, ಆದರೆ ಬಿಸ್ಕತ್ ಪೊಟ್ಟಣದೊಳಗೆ ಮಲಗಿದಂತಿರುತ್ತದೆ. ಅದಕ್ಕೆ ಅಂತ ಮೇಲೆ ಪೇಂಟ್ ಹೊಡೆದರೆ ಮುಗೀತು, ಆ ಹೊಳಪೇ ಅದರ ಬಂಡವಾಳ. ಎತ್ತರ ಕಡಿಮೆ ಇರುವ ರೂಮುಗಳಲ್ಲಿ ಸೀಲಿಂಗ್ ಇಳಿಸಿದರೆ ಫ್ಯಾನ್ ತಲೆಗೆ ಹತ್ತಿರ ಬರುವುದನ್ನೂ ನೋಡಿಕೊಳ್ಳಿ. ಸ್ಲ್ಯಾಬ್ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಇಲ್ಲದಿದ್ದರೆ ಸೀಲಿಂಗ್ ಒಳಗೇ ನೀರು ನಿಂತು ಒಂದು ದಿನ ಬೋರ್ಡ್ ಸಮೇತ ಕೆಳಗಿಳಿಯುತ್ತದೆ.

ನೆರಳಿನ ಬಲೆಯನ್ನು ಬಹಳ ಜನ ಕಡೆಗಣಿಸುತ್ತಾರೆ. ಚನ್ನಗಿರಿ ಕಡೆ ಅಡಿಕೆ ಸಸಿಗೆ ಕಟ್ಟುವ ಹಸಿರು ಬಲೆಯೇ ಸಾಕು, ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ. ತಾರಸಿಗಿಂತ ಆರೇಳು ಅಡಿ ಎತ್ತರಕ್ಕೆ ಕಟ್ಟಿದರೆ ಸ್ಲ್ಯಾಬಿಗೆ ಬಿಸಿಲೇ ಬೀಳುವುದು ತಪ್ಪುತ್ತದೆ, ಸಂಜೆ ಕೂರಲೂ ಒಂದು ಜಾಗ. ಹಿರಿಯೂರು, ಹೊಸದುರ್ಗದ ಕಡೆಯವರಿಗೆ ತೆಂಗಿನ ಗರಿ ಪುಕ್ಕಟೆ, ಅವರು ಚಪ್ಪರವನ್ನೇ ಹಾಕಬಹುದು. ಮೊದಲ ಮುಂಗಾರು ಗಾಳಿಗೆ ಮುಂಚೆ ಬಿಚ್ಚಿಡಬೇಕು, ಅಷ್ಟೇ. ಗಾಳಿಗಿರಣಿ ತಿರುಗುವ ಊರಿನಲ್ಲಿ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸೋಲಾರ್ ಫಲಕ ಹಾಕಿಸಿದರೂ ಅದರಡಿಯ ತಾರಸಿಗೆ ನೆರಳಾಗುತ್ತದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೊವಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ದುಡ್ಡು ಇರುವವರು ಫಲಕ ಮೊದಲು ಹಾಕಿಸಿ, ಉಳಿದ ಜಾಗಕ್ಕೆ ಬಿಳಿ ಬಳಿಸಬಹುದು.

ಮಾಳಿಗೆ ಮನೆ

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಇನ್ನೂ ಅಲ್ಲಲ್ಲಿ ಉಳಿದಿರುವ ಮಣ್ಣಿನ ಮಾಳಿಗೆಗಳಿಗೆ ಈ ಯಾವುದೂ ಬೇಡ. ತೊಲೆ, ಜಂತೆ, ಮೇಲೆ ಒಂದಡಿ ಮಣ್ಣು, ಅದರ ಮೇಲೆ ಕರಲು ಅನ್ನುವ ಚೌಳು ಮಣ್ಣು. ಮಧ್ಯಾಹ್ನ ಒಳಗೆ ಹೋದರೆ ಗೊತ್ತಾಗುತ್ತದೆ. ಸೋರುತ್ತದೆ ಅಂತ ಅದರ ಮೇಲೆ ಸಿಮೆಂಟ್ ಬಳಿಸುವವರಿದ್ದಾರೆ. ಸಿಮೆಂಟ್ ಬಿರುಕು ಬಿಟ್ಟು ನೀರು ಒಳಗೆ ನಿಂತರೆ ತೊಲೆ ಕೊಳೆಯುತ್ತದೆ. ಕರಲು ಹಾಕಿಸುವುದೇ ಸರಿ.

ಬಿಲ್ಲಿನ ಲೆಕ್ಕ

ನಮ್ಮ ಎರಡೂ ಜಿಲ್ಲೆ ಬೆಸ್ಕಾಂನವು. ಇಲ್ಲಿ ಉಳಿತಾಯದ ಲೆಕ್ಕ ಬೇರೆ ಊರಿನ ಲೆಕ್ಕದಂತಲ್ಲ, ರಾಜ್ಯ ಸರ್ಕಾರದ ಪುಕ್ಕಟೆ ಕರೆಂಟಿನ ಯೋಜನೆ ಗೃಹಜ್ಯೋತಿ ಇದೆ. 2022-23ರ ನಿಮ್ಮ ತಿಂಗಳ ಸರಾಸರಿಗೆ ನೂರಕ್ಕೆ 10 ಸೇರಿಸಿದಷ್ಟು ಯೂನಿಟ್ ಪುಕ್ಕಟೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ.

ಒಂದು ಮನೆಯ ಸರಾಸರಿ 120 ಅಂದುಕೊಳ್ಳಿ. 132ರವರೆಗೆ ಪುಕ್ಕಟೆ. ಏಪ್ರಿಲ್‌ನಲ್ಲಿ ಎಸಿ ಓಡಿ 230 ಆಯಿತು. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೆ 1,380, ಫಿಕ್ಸೆಡ್ ಚಾರ್ಜ್ ಬೇರೆ. ತಾರಸಿ ತಣ್ಣಗಾಗಿ ಎಸಿ 35 ಯೂನಿಟ್ ಕಡಿಮೆ ಕುಡಿಯಿತು ಅನ್ನಿ, ಒಟ್ಟು 195. ಆಗ ಕಟ್ಟಬೇಕಾದ್ದು 63 ಯೂನಿಟ್ಟಿಗೆ, 378 ರೂಪಾಯಿ. 35 ಯೂನಿಟ್ ಉಳಿಸಿದ್ದಕ್ಕೆ ಸಾವಿರ ರೂಪಾಯಿ ಉಳಿಯಿತು. 200ರ ಅಂಚಿನಲ್ಲಿ ಓಲಾಡುವ ಮನೆಗಳಿಗೆ ತಾರಸಿ ಪೇಂಟ್ ಅಷ್ಟು ಬೇಗ ದುಡ್ಡು ವಾಪಸ್ ಕೊಡುತ್ತದೆ. 350 ಯೂನಿಟ್ ಸುಡುವ ಮನೆಗೆ ಅದೇ 35 ಯೂನಿಟ್ಟಿಗೆ ಸಿಗುವುದು 210 ರೂಪಾಯಿ. ಫ್ಯಾನು, ಟಿವಿ ಬಿಟ್ಟು ಬೇರೇನೂ ಇಲ್ಲದೆ 80 ಯೂನಿಟ್‌ನಲ್ಲಿ ಇರುವ ಮನೆಗೆ ಬಿಲ್ ಲೆಕ್ಕದಲ್ಲಿ ಸಿಗುವುದು ಸೊನ್ನೆ. ಅವರಿಗೆ ಸಿಗುವುದು ನಿದ್ದೆ. ಅದಕ್ಕೂ ಬೆಲೆ ಇದೆ, ಆದರೆ ಅಂಗಡಿಯವನು ‘ಎರಡೇ ವರ್ಷದಲ್ಲಿ ಬಿಲ್ಲಲ್ಲೇ ವಸೂಲಿ ಸಾರ್’ ಅಂದಾಗ ನಂಬಬೇಡಿ.

ಎಸಿ ಇನ್ನೂ ಕೊಂಡಿಲ್ಲದವರು ಸೂರು ಸರಿ ಮಾಡಿಸಿ ಒಂದು ಬೇಸಿಗೆ ನೋಡಿ. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಗಾಳಿ ಒಣಗಾಳಿ, ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಎಸಿ ಕುಡಿಯುವ ಕರೆಂಟಿನಲ್ಲಿ ಅದಕ್ಕೆ ಸಣ್ಣ ಪಾಲು ಸಾಕು. ತಣ್ಣನೆ ತಾರಸಿ, ಒಂದು ಕೂಲರ್ ಇಷ್ಟರಲ್ಲೇ ಕಳೆಯುವ ಮನೆಗಳು ಬಹಳ.

ಆರ್ಡರ್ ಕೊಡುವ ಮುಂಚೆ

ಫಾಯಿಲ್ ಕೊಳ್ಳುವಾಗ ನಿಜವಾದ ಅಲ್ಯೂಮಿನಿಯಂ ಹಾಳೆಯೋ, ಅಥವಾ ಪ್ಲಾಸ್ಟಿಕ್ ಮೇಲೆ ಬೆಳ್ಳಿ ಬಣ್ಣದ ತೆಳು ಲೇಪವೋ ಕೇಳಿ. ಎರಡನೆಯದು ಅಗ್ಗ, ಶಾಖಕ್ಕೆ ಬೇಗ ಮಾಸುತ್ತದೆ. ಒಂದು ತುಂಡು ಇಸಕೊಂಡು ಉಗುರಿನಿಂದ ಕೆರೆದು ನೋಡಿ, ಬಣ್ಣ ಎದ್ದುಬಂದರೆ ಬೇಡ. ಪೇಂಟ್ ಕೆಲಸವಾದರೆ ಸೀಲ್ ಇರುವ ಡಬ್ಬ ನಿಮ್ಮ ಕಣ್ಣೆದುರೇ ಒಡೆಯಲಿ, ಒಂದು ಡಬ್ಬಕ್ಕೆ ಎಷ್ಟು ಚದರಡಿ ಅಂತ ಡಬ್ಬದ ಮೇಲೆ ಬರೆದಿರುವುದನ್ನು ನಿಮ್ಮ ತಾರಸಿಯ ಅಳತೆಗೆ ತಾಳೆ ಹಾಕಿ ನೋಡಿ. ಜಾಸ್ತಿ ನೀರು ಬೆರೆಸಿ ಒಂದು ಡಬ್ಬದಲ್ಲಿ ಎರಡು ಡಬ್ಬದ ಕೆಲಸ ಮುಗಿಸುವವರು ಇದ್ದಾರೆ. ಕಪ್ಪು ನೀರಿನ ಟ್ಯಾಂಕಿಗೂ ಉಳಿದ ಪೇಂಟ್ ಬಳಿಸಿ. ಮಧ್ಯಾಹ್ನದ ನಲ್ಲಿ ನೀರು ಕೈ ಸುಡುವುದಿಲ್ಲ.

ಬಾಡಿಗೆ ಮನೆಯಲ್ಲಿರುವವರು ಸ್ಲ್ಯಾಬ್ ಮೇಲೆ ದುಡ್ಡು ಹಾಕಬೇಡಿ. ಬಲೆ ತಂದು ಕಟ್ಟಿಕೊಳ್ಳಿ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಸುಣ್ಣಕ್ಕೆ ಓನರ್ ಹತ್ತಿರ ಕೇಳಿ ನೋಡಿ. ಸಾಮಾನು ನಿಮ್ಮದು, ಕೂಲಿ ನಮ್ಮದು ಅಂದರೆ ಬೇಡ ಅನ್ನುವವರು ಕಡಿಮೆ. ಬಿಳಿ ಪೇಂಟ್ ವಿಷಯವನ್ನು ಮಾತ್ರ ಅಗ್ರಿಮೆಂಟ್ ರಿನ್ಯೂ ಮಾಡುವ ತಿಂಗಳಲ್ಲಿ ಎತ್ತಿ, ಬೇಸಿಗೆ ನಡುವೆ ಕೇಳಿದರೆ ‘ಮುಂದಿನ ವರ್ಷ ನೋಡೋಣ ಬಿಡ್ರೀ’ ಅಂತಾರೆ.